ಒಂದೇ ನೀರಿನ ಎರಡು ಕಾಡು: ರುವಾಹವೋ, ನ್ಯೆರೆರೆಯೋ?

ಟಾಂಜಾನಿಯಾ ಎಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ಸೆರೆಂಗೆಟಿ. ನಾನು, ಅಕ್ಕ, ಅಕ್ಕನ ಗಂಡ ಮಾಮಾ, ಮೂವರೂ ಬೇಕೆಂದೇ ಆ ಕಡೆ ಹೋಗದೆ ದೇಶದ ದಕ್ಷಿಣಕ್ಕೆ ಇಳಿದೆವು. ಅಲ್ಲಿ ಪ್ರವಾಸಿಗರು ಕಡಿಮೆ ಹೋಗುವ ಎರಡು ಭಾರೀ ರಾಷ್ಟ್ರೀಯ ಉದ್ಯಾನಗಳಿವೆ, ರುವಾಹ ಮತ್ತು ನ್ಯೆರೆರೆ. ಸೆಪ್ಟೆಂಬರ್ ಕೊನೆಯಲ್ಲಿ ರುವಾಹದಲ್ಲಿ ನಾಲ್ಕು ರಾತ್ರಿ, ನ್ಯೆರೆರೆಯಲ್ಲಿ ಮೂರು ರಾತ್ರಿ ಇದ್ದು ಬಂದೆವು. ಬಂದಾಗಿನಿಂದ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಒಂದಕ್ಕೇ ಹೋಗುವುದಾದರೆ ಯಾವುದಕ್ಕೆ ಹೋಗಬೇಕು? ನಾನು ರುವಾಹ ಎನ್ನುತ್ತೇನೆ. ಅಕ್ಕ ನ್ಯೆರೆರೆ ಎನ್ನುತ್ತಾಳೆ. ಅವಳ ಮಾತಿಗೂ ಗಟ್ಟಿ ಕಾರಣಗಳಿವೆ.

ಮೊದಲು ಅಳತೆ. ನಮ್ಮ ಬಂಡೀಪುರ ರಾಷ್ಟ್ರೀಯ ಉದ್ಯಾನ ಸುಮಾರು 870 ಚದರ ಕಿಲೋಮೀಟರ್. ರುವಾಹ ಸುಮಾರು 20,000, ನ್ಯೆರೆರೆ 30,000ಕ್ಕೂ ಹೆಚ್ಚು. ಆದರೆ ದೊಡ್ಡದೆಂಬ ಕಾರಣಕ್ಕೆ ನ್ಯೆರೆರೆಯನ್ನು ಆರಿಸಿಕೊಳ್ಳಬೇಡಿ. ಅಲ್ಲಿ ಪ್ರವಾಸಿಗರು ಓಡಾಡುವುದು ಉತ್ತರದಲ್ಲಿ, ರುಫೀಜಿ ನದಿ ಮತ್ತು ಅದರ ಪಕ್ಕದ ಸರೋವರಗಳ ಸುತ್ತ ಮಾತ್ರ.

ರುವಾಹದ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳಬೇಕು. ಇರಿಂಗಾ ಪಟ್ಟಣದಿಂದ ಸುಮಾರು 130 ಕಿಲೋಮೀಟರ್ ದೂಳು ಕುಡಿದು ಒಳಗೆ ಹೋದಾಗ ಮೊದಲು ಎದುರಾದದ್ದು ಪ್ರಾಣಿಯಲ್ಲ, ಮರ. ಗುಡ್ಡದ ಮೈತುಂಬ ಬಾವೊಬಾಬ್. ಅಕ್ಕ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, "ಯವ್ವಾ, ಇವು ನಮ್ಮ ಸವಣೂರಿನ ದೊಡ್ಡ ಹುಣಸಿ ಮರ ಅಲ್ಲೇನ!" ಎಂದಳು. ಹೌದು, ಅದೇ ಜಾತಿ. ಸವಣೂರಿನಲ್ಲಿ ಮೂರೇ ಮೂರು ಮರಗಳನ್ನು ನೋಡಲು ಚಿಕ್ಕಂದಿನಲ್ಲಿ ಅಪ್ಪನ ಕೈ ಹಿಡಿದು ಹೋದವರು ನಾವು. ಇಲ್ಲಿ ಎಣಿಸಲು ಸಾಧ್ಯವಿಲ್ಲದಷ್ಟು. ಎಷ್ಟೋ ಮರಗಳ ಬೊಡ್ಡೆಯನ್ನು ಆನೆಗಳು ದಂತದಿಂದ ಸಿಗಿದು ತೊಗಟೆ ಎಳೆದಿದ್ದವು. ಒಣಗಾಲದಲ್ಲಿ ಆ ನಾರಿನೊಳಗಿನ ತೇವವೂ ಅವಕ್ಕೆ ಬೇಕು.

ಆ ಒಣಗಾಲವೇ ರುವಾಹದ ಜೀವ. ಮ್ವಾಗುಸಿ ಎಂಬ ಉಸುಕಿನ ಹೊಳೆಯಲ್ಲಿ ನಾವು ಹೋದಾಗ ಮೇಲೆ ಒಂದು ಹನಿ ನೀರಿರಲಿಲ್ಲ. ಒಂದು ಹೆಣ್ಣಾನೆ ಮುಂಗಾಲಿನಿಂದ ಉಸುಕು ಕೆದರಿ, ಸೊಂಡಿಲು ಇಳಿಸಿ, ಮೊದಲ ಗುಟುಕಿನ ಕೆಸರನ್ನು ಚೆಲ್ಲಿ, ಆಮೇಲೆ ತಿಳಿನೀರು ಕುಡಿಯಿತು. ನಮ್ಮ ಕಡೆ ಬೇಸಗೆಯಲ್ಲಿ ಹಳ್ಳದಾಗ ವರ್ತಿ ತೋಡಿ ನೀರು ತುಂಬುತ್ತಿದ್ದರಲ್ಲ, ಥೇಟ್ ಅದೇ. ಆನೆ ಹೋದಮೇಲೆ ಅದೇ ವರ್ತಿಗೆ ಬಬೂನ್‌ಗಳು ಬಂದವು, ಆಮೇಲೆ ಇಂಪಾಲಾ ಎಂಬ ಜಿಂಕೆಯಂಥ ಪ್ರಾಣಿಗಳು. ಆಚೆ ದಂಡೆಯ ನೆರಳಿನಲ್ಲಿ ಐದು ಸಿಂಹಿಣಿಯರು ಮಲಗಿ ಎಲ್ಲವನ್ನೂ ನೋಡುತ್ತಿದ್ದವು. ಎರಡೂವರೆ ತಾಸು ಗಾಡಿಯ ಎಂಜಿನ್ ಬಂದ್ ಮಾಡಿ ಕೂತೆವು. ನಮ್ಮದರ ಹೊರತು ಇನ್ನೊಂದು ಗಾಡಿ ಬರಲಿಲ್ಲ.

ಪ್ರಪಂಚದ ಸಿಂಹಗಳಲ್ಲಿ ಹತ್ತನೆಯ ಒಂದು ಭಾಗ ಈ ಸೀಮೆಯಲ್ಲಿದೆ ಎಂಬ ಅಂದಾಜಿದೆ. ನಾಲ್ಕು ದಿನದಲ್ಲಿ ಮೂರು ಬೇರೆ ಬೇರೆ ಗುಂಪುಗಳು ಕಂಡವು. ಪೂರ್ವ ಆಫ್ರಿಕಾದ ಮುಳ್ಳುಕಾಡು, ಆಫ್ರಿಕಾ ಖಂಡದ ದಕ್ಷಿಣ ಭಾಗದ ಮಿಯೊಂಬೊ ಎಂಬ ಎಲೆ ಉದುರುವ ಕಾಡು ಸೇರುವ ಜಾಗ ಇದು. ಹಾಗಾಗಿ ಕುಡು ಎಂಬ ತಿರುಚು ಕೊಂಬಿನ ಜಿಂಕೆಯಂಥ ಪ್ರಾಣಿಯ ದೊಡ್ಡ ಜಾತಿ, ಚಿಕ್ಕ ಜಾತಿ ಎರಡನ್ನೂ ಒಂದೇ ಬೆಳಗ್ಗೆ ನೋಡಿದೆವು. ಚೀತಾ ಇವೆ, ನಮಗೆ ಕಾಣಲಿಲ್ಲ.

ತೊಂದರೆ ಎಂದರೆ ಸೆಟ್ಸೆ ನೊಣ. ನದಿ ಬಿಟ್ಟು ಮಿಯೊಂಬೊ ಕಾಡಿನತ್ತ ತಿರುಗಿದರೆ ಅಂಗಿಯ ಮೇಲಿಂದಲೇ ಚುಚ್ಚುತ್ತವೆ, ಉರಿ ಬಹಳ. ಕಡುನೀಲಿ, ಕಪ್ಪು ಬಟ್ಟೆ ಅವನ್ನು ಕರೆಯುತ್ತದೆ. ಮಾಮಾ ನೀಲಿ ಅಂಗಿ ತೊಟ್ಟ ದಿನ ಬಹಳ ಕಷ್ಟಪಟ್ಟರು. ಮಣ್ಣಿನ ಬಣ್ಣದ ಬಟ್ಟೆಯನ್ನೇ ಒಯ್ಯಿರಿ.

ಇನ್ನು ನ್ಯೆರೆರೆ. 2019ರಲ್ಲಿ ಹಳೆಯ ಸೆಲೂ ಅಭಯಾರಣ್ಯದಿಂದ ಬೇರ್ಪಡಿಸಿ, ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆಯವರ ಹೆಸರಿಟ್ಟರು. ದೇಶದ ದೊಡ್ಡ ನಗರ ದಾರ್ ಎಸ್ ಸಲಾಮ್‌ನಿಂದ ಬೆಳಗ್ಗೆ ಹೊರಟರೆ ಅದೇ ದಿನ ಉದ್ಯಾನದ ಮ್ಟೆಮೆರೆ ಗೇಟ್ ಮುಟ್ಟಬಹುದು. ಕಿಬಿಟಿಯವರೆಗೆ ಡಾಂಬರು, ಅಲ್ಲಿಂದ ಮುಂದೆ ಮಣ್ಣು ದಾರಿ. ರುವಾಹಕ್ಕೆ ದಾರ್‌ನಿಂದ ಇರಿಂಗಾವರೆಗೇ ಸುಮಾರು 500 ಕಿಲೋಮೀಟರ್, ಅಲ್ಲೊಂದು ರಾತ್ರಿ ಉಳಿಯಲೇಬೇಕು. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಈ ಒಂದು ಕಾರಣಕ್ಕೇ ನ್ಯೆರೆರೆ ಮೇಲು.

ನ್ಯೆರೆರೆಯ ಸುಖ ದೋಣಿಯಲ್ಲಿದೆ. ಮೊಣಕಾಲು ನೋವಿನ ಮಾಮಾಗೆ ಜೀಪಿನ ಕುಲುಕಾಟಕ್ಕಿಂತ ಅದು ನೂರು ಪಾಲು ಹಿತವಾಯಿತು. ನೀರಾನೆಗಳು ಗುಂಪು ಗುಂಪಾಗಿ ಮೂಗು ಮೇಲೆತ್ತಿ ಪೂತ್ಕರಿಸುತ್ತವೆ. ದಂಡೆಯ ಮಣ್ಣಿನಲ್ಲಿ ಕಳ್ಳಿಪೀರಗಳ ಬಿಲಗಳು, ನೀರಿನೊಳಗೆ ನಿಂತೇ ಸತ್ತ ತಾಳೆಮರಗಳ ಮೇಲೆ ಮೀನುಹದ್ದು. ಅಕ್ಕ ಹಕ್ಕಿ ನೋಡುವವಳು. ಅವಳ ಪಟ್ಟಿ ರುವಾಹದ ನಾಲ್ಕು ದಿನಕ್ಕಿಂತ ಇಲ್ಲಿನ ಎರಡು ಸಂಜೆಗಳಲ್ಲಿ ಹೆಚ್ಚು ಬೆಳೆಯಿತು. ರುವಾಹದಲ್ಲಿ ಸಿಗದ ಕಾಡುನಾಯಿಗಳೂ ಇಲ್ಲೇ ಕಂಡವು. ನಮ್ಮ ಸೀಳುನಾಯಿಯ ಹಾಗೆ ಕೆಂಪಲ್ಲ, ಕಪ್ಪು, ಹಳದಿ, ಬಿಳಿ ಬಣ್ಣ ಎರಚಿದಂಥ ಮೈ, ಅಗಲ ಕಿವಿ. ಹನ್ನೊಂದು ನಾಯಿಗಳು ಪೊದೆಯ ನೆರಳಿನಲ್ಲಿ ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದವು.

ಆದರೆ ಅವುಗಳ ಸುತ್ತ ಆರು ಗಾಡಿಗಳು ನಿಂತಿದ್ದವು. ಮತ್ತೊಂದು ಬೇಸರವೆಂದರೆ, ಮೊದಲೇ ದುಡ್ಡು ಕಟ್ಟಿದ್ದ ದೋಣಿಯನ್ನು ಮೊದಲ ಸಂಜೆ ನಾವಿದ್ದ ಕ್ಯಾಂಪಿನವರು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ನಮಗೆ ಸಿಕ್ಕಿದ್ದು ಮರುದಿನ. ದೋಣಿ ಯಾವ ದಿನ, ಎಷ್ಟು ಹೊತ್ತಿಗೆ, ನಮಗೊಬ್ಬರಿಗೇ ಅಥವಾ ಹಂಚಿಕೊಂಡೇ ಎನ್ನುವುದನ್ನು ಬರಹದಲ್ಲಿ ಪಡೆಯಿರಿ.

ಇವೆರಡರ ನಡುವಿನ ಸಂಬಂಧ ನನಗೆ ಅಲ್ಲಿಗೆ ಹೋಗುವವರೆಗೂ ಗೊತ್ತಿರಲಿಲ್ಲ. ರುವಾಹದ ಮಹಾನದಿ, ಗ್ರೇಟ್ ರುವಾಹ, ಹರಿದು ಸೇರುವುದು ರುಫೀಜಿಗೇ. ಎರಡೂ ಕಾಡು ಒಂದೇ ನೀರಿನವು. ಗ್ರೇಟ್ ರುವಾಹ ಹಿಂದೆ ವರ್ಷವಿಡೀ ಹರಿಯುತ್ತಿದ್ದ ನದಿ. 1990ರ ದಶಕದಿಂದ ಒಣಗಾಲದಲ್ಲಿ ಹರಿವು ನಿಂತು ಬರೀ ಗುಂಡಿಗಳಾಗುತ್ತದೆ, ಏಕೆಂದರೆ ಮೇಲಿನ ಉಸಂಗು ಬಯಲಿನಲ್ಲಿ ನೀರು ಭತ್ತದ ಗದ್ದೆಗಳಿಗೆ ತಿರುಗುತ್ತದೆ. ಕುಗ್ಗಿದ ಗುಂಡಿಯೊಂದರಲ್ಲಿ ನೀರಾನೆಗಳು ಮೈಗೆ ಮೈ ಒತ್ತಿ ಕೆಸರಲ್ಲಿ ನಿಂತಿದ್ದನ್ನು ನೋಡಿ ಅಕ್ಕ ಮುಖ ತಿರುಗಿಸಿದಳು. ಗದ್ದೆ ಮಾಡುವವರೂ ನಮ್ಮಂಥವರೇ, ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಇತ್ತ ರುಫೀಜಿಗೆ ಉದ್ಯಾನದೊಳಗೇ 2,115 ಮೆಗಾವಾಟ್‌ನ ಅಣೆಕಟ್ಟು ಕಟ್ಟಿದ್ದಾರೆ. ನಾವು ದೋಣಿಯಲ್ಲಿ ಸುತ್ತಿದ ಸರೋವರಗಳು ತುಂಬಿಕೊಳ್ಳುವುದು ಅದೇ ನದಿಯ ನೆರೆಯಿಂದ. ಹೋಗಬೇಕೆಂದಿದ್ದರೆ ತಡಮಾಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಊಟದ ಚಿಂತೆ ಎರಡೂ ಕಡೆ ಬೇಡ. ಉಗಾಲಿ ಎಂದರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ, ಜೊತೆಗೆ ಮಹರಾಗೆ ಎಂಬ ಕಾಳಿನ ಸಾರು. ಚಪಾತಿ ಎಂದರೆ ಅಲ್ಲಿಯೂ ಚಪಾತಿಯೇ. ರುವಾಹದಲ್ಲಿ ಉದ್ಯಾನದ ಮುಖ್ಯ ಕಚೇರಿಯಿರುವ ಮ್ಸೆಂಬೆಯ ಹತ್ತಿರ ಉದ್ಯಾನದವರದೇ ಬಂಡಾಗಳಿವೆ, ಸಾದಾ ಕೋಣೆಗಳು. ಖರ್ಚು ಹಿಡಿತದಲ್ಲಿರಬೇಕೆಂದರೆ ಅದೇ ಸರಿ. ಇರಿಂಗಾ ಎತ್ತರದ ಊರು, ರಾತ್ರಿಗೆ ಸ್ವೆಟರ್ ಬೇಕು. ಹಳದಿ ಜ್ವರದ ಲಸಿಕೆಯ ಕಾರ್ಡು ಚುಚ್ಚಿಸಿಕೊಂಡ ಹತ್ತು ದಿನದ ನಂತರವೇ ಊರ್ಜಿತ, ಕೊನೆಯ ವಾರಕ್ಕೆ ಬಿಡಬೇಡಿ. ಪ್ಲಾಸ್ಟಿಕ್ ಕೈಚೀಲ ಆ ದೇಶದಲ್ಲಿ 2019ರಿಂದ ನಿಷಿದ್ಧ. ಏಪ್ರಿಲ್, ಮೇ ಮಳೆಗಾಲ, ಬಹಳ ಕ್ಯಾಂಪ್‌ಗಳು ಮುಚ್ಚಿರುತ್ತವೆ.

ನಾಲ್ಕೇ ದಿನವಿದ್ದರೆ, ಜೊತೆಗೆ ಹಿರಿಯರಿದ್ದರೆ, ಹಕ್ಕಿಯ ಹುಚ್ಚಿದ್ದರೆ ನ್ಯೆರೆರೆ. ವಾರವಿದ್ದು, ಒಂದೇ ಜಾಗದಲ್ಲಿ ಗಂಟೆಗಟ್ಟಲೆ ಕೂರುವ ತಾಳ್ಮೆಯಿದ್ದರೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ರುವಾಹ. ಎರಡನ್ನೂ ಮಾಡುವುದಾದರೆ ರುವಾಹವೇ ಮೊದಲಿರಲಿ. ನಡುವೆ ಸಣ್ಣ ವಿಮಾನಗಳಿವೆ, ಸಾಮಾನ್ಯವಾಗಿ 15 ಕಿಲೋದ ಮೆತ್ತನೆಯ ಚೀಲಕ್ಕಷ್ಟೇ ಜಾಗ. ನಾವು ಹೋದದ್ದು ಆ ಕ್ರಮದಲ್ಲೇ. ನಾಲ್ಕು ದಿನ ಉಸುಕು ನೋಡಿ ನೋಡಿ, ರುಫೀಜಿಯ ದೋಣಿ ಹತ್ತಿದ ಕೂಡಲೇ ಅಕ್ಕ ನೀರಿಗೆ ಕೈ ಚಾಚಿದಳು. ದೋಣಿಯವನು ಅವಳ ಮಣಿಕಟ್ಟು ಹಿಡಿದು ಮೆಲ್ಲಗೆ "ಮಾಂಬಾ" ಎಂದ. ಮಾಂಬಾ ಎಂದರೆ ಅವರ ಭಾಷೆಯಲ್ಲಿ ಮೊಸಳೆ.