ಬೋರು, ನಳ, ಆರ್‌ಓ: ಕಲಬುರಗಿಯಲ್ಲಿ ಮೀನಿಗೆ ಯಾವ ನೀರು?

ಹೊಸದಾಗಿ ಮೀನು ಸಾಕುವವರು ಮೊದಲು ಮೀನಿನ ಬಣ್ಣ ನೋಡುತ್ತಾರೆ, ಆಮೇಲೆ ಟ್ಯಾಂಕು, ಕೊನೆಗೆ ನೀರು. ನಮ್ಮ ಕಲಬುರಗಿಯಲ್ಲಿ ನೀರಿನಿಂದಲೇ ಶುರು ಮಾಡಬೇಕು. ಮನೆಗೆ ಬರೋ ನೀರು ಎಂಥದ್ದು ಅಂತ ಗೊತ್ತಾದರೆ ಯಾವ ಮೀನು ತರಬೇಕು ಅನ್ನೋದು ಅರ್ಧ ತೀರ್ಮಾನವಾದಂತೆ. ನಾನು ಮೂರೂ ನೀರಿನಲ್ಲಿ ಮಾಲಿ ಮತ್ತು ಗಪ್ಪಿ ಮೀನು ಸಾಕಿ ನೋಡಿದ್ದೇನೆ. ಎರಡು ಅಡಿ ಉದ್ದದ ಟ್ಯಾಂಕು, ಸುಮಾರು 50 ಲೀಟರ್ ನೀರು. ದುಂಡನೆಯ ಬಟ್ಟಲನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಏಪ್ರಿಲ್ ಬಿಸಿಲಿಗೆ ಐದಾರು ಲೀಟರ್ ನೀರು ಕಾಯೋಕೆ ಎಷ್ಟು ಹೊತ್ತು ಬೇಕು?

ಎಲ್ಲರೂ ಮೊದಲು ಕೈಹಾಕೋದು ಆರ್‌ಓ ನೀರಿಗೆ. ಮನುಷ್ಯರಿಗೆ ಒಳ್ಳೆಯದಾದದ್ದು ಮೀನಿಗೂ ಒಳ್ಳೆಯದು ಅನ್ನೋ ಲೆಕ್ಕ. ನೀರೇನೋ ಕನ್ನಡಿಯಂತೆ ಕಾಣುತ್ತದೆ, ಗಾಜಿಗೆ ಕಲೆಯೂ ಇಲ್ಲ. ಆದರೆ ಮಾಲಿಗಳು ಬೇಗ ಮಂಕಾದವು. ರೆಕ್ಕೆ ಮುದುಡಿಕೊಂಡು, ನಿಂತಲ್ಲೇ ನಿಂತು, ಮೈಯನ್ನು ಅತ್ತಿತ್ತ ಬಳುಕಿಸುತ್ತಿದ್ದವು. ಮುಂದೆ ಹೋಗುತ್ತಿರಲಿಲ್ಲ. ಮೀನು ಕುಣಿಯುತ್ತಿದೆ ಅಂತ ಮಕ್ಕಳು ಖುಷಿಪಡುತ್ತಾರೆ, ಅದು ಸಂಕಟ. ಮಾಲಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ಗಡಸು ನೀರು ಬೇಕು. ಆರ್‌ಓ ಅದನ್ನೇ ಸೋಸಿ ಹಾಕಿರುತ್ತದೆ. ಜೊತೆಗೆ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ) ಹಿಡಿದಿಡುವ ಶಕ್ತಿಯೂ ಆ ನೀರಿಗಿಲ್ಲ, ದಿನ ಕಳೆದಂತೆ ಅದು ಕುಸಿಯುತ್ತದೆ.

ನಳದ ನೀರು ಪರವಾಗಿಲ್ಲ, ಆದರೆ ಅದನ್ನು ನೇರವಾಗಿ ಸುರಿಯಬಾರದು. ನೀರು ಬಿಟ್ಟ ಹೊತ್ತಿನಲ್ಲಿ ಮೂಗಿಗೆ ಬಡಿಯೋ ಕ್ಲೋರಿನ್ ಮೀನಿನ ಕಿವಿರು ಸುಡುತ್ತದೆ. ಬಕೆಟ್‌ನಲ್ಲಿ 24 ಗಂಟೆ ಬಿಟ್ಟರೆ ಕ್ಲೋರಿನ್ ಬಹುಪಾಲು ಹಾರಿಹೋಗುತ್ತದೆ. ಅವಸರವಿದ್ದರೆ ಆಂಟಿ ಕ್ಲೋರಿನ್ ಹನಿ ಹಾಕಿ. ಮಳೆಗಾಲದ ಕೆಂಪು ನೀರನ್ನು ಮಾತ್ರ ನಾನು ಟ್ಯಾಂಕಿಗೆ ತರಲೇ ಇಲ್ಲ.

ನನ್ನ ಓಟು ಬೋರಿನ ನೀರಿಗೆ. ಸೋಪು ನೊರೆ ಬರದ, ಕೂಲರ್ ಪ್ಯಾಡಿಗೆ ಬಿಳಿ ಪೊರೆ ಕಟ್ಟುವ ಅದೇ ನೀರು. ಅಂಗಡಿಯವರು ಕೂಡ ಇದನ್ನು ಬೇಡ ಅನ್ನುತ್ತಾರೆ. ಮಾಲಿ, ಗಪ್ಪಿ, ಪ್ಲಾಟಿಗಳು ಇದರಲ್ಲೇ ಚುರುಕಾಗಿ ಓಡಾಡಿದವು, ಮರಿಯನ್ನೂ ಹಾಕಿದವು. ನಿಯಾನ್ ಟೆಟ್ರಾ ಬೇಕು ಅನ್ನೋರಿಗೆ ಇದು ಆಗಲ್ಲ, ಅದು ಮೆದು ನೀರಿನ ಮೀನು. ಅಲಂಕಾರಕ್ಕೆ ಶಹಾಬಾದ್ ಕಲ್ಲಿನ ತುಂಡು ಇಡುವವರಿಗೆ ಒಂದು ಮಾತು: ಅದು ಸುಣ್ಣದ ಕಲ್ಲು, ನಿಂಬೆರಸ ಬಿಟ್ಟರೆ ಸಣ್ಣ ಗುಳ್ಳೆ ಏಳುತ್ತವೆ, ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಮಾಲಿಗೆ ತೊಂದರೆಯಿಲ್ಲ, ಟೆಟ್ರಾ ಟ್ಯಾಂಕಿಗೆ ಬೇಡವೇ ಬೇಡ.

ಆದರೆ ಬೋರಿನ ನೀರಿಗೂ ಒಂದು ಷರತ್ತಿದೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಪಿಎಚ್ ಏರಿದಷ್ಟೂ ಹೆಚ್ಚು ವಿಷ. ಪಿಎಚ್ 7ರಿಂದ 8ಕ್ಕೆ ಹೋದರೆ ಅದರಲ್ಲಿ ವಿಷಕಾರಿಯಾದ ಪಾಲು ಸುಮಾರು 10 ಪಟ್ಟಾಗುತ್ತದೆ. ಸೆಕೆ ಅದನ್ನು ಇನ್ನೂ ಹೆಚ್ಚಿಸುತ್ತದೆ. ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಇವತ್ತು ಟ್ಯಾಂಕು, ಇವತ್ತೇ ಹತ್ತು ಮೀನು ಅನ್ನೋರು ನಮ್ಮೂರಲ್ಲಿ ಬೇರೆಯವರಿಗಿಂತ ಬೇಗ ಪೆಟ್ಟು ತಿನ್ನುತ್ತಾರೆ. ನೀರು ಸ್ವಚ್ಛ ಕಾಣುತ್ತಿತ್ತಲ್ಲ ಅಂತ ಆಮೇಲೆ ಹೇಳುತ್ತಾರೆ. ಅಮೋನಿಯಾ ಕಣ್ಣಿಗೆ ಕಾಣಲ್ಲ.

ಇನ್ನು ಬೇಸಿಗೆ. ಇಲ್ಲಿ ಐಸ್ ಬಾಟಲಿ ಮತ್ತು ಫ್ಯಾನ್ ಎರಡನ್ನೂ ನೋಡಿದೆ. ಐಸ್ ಬಾಟಲಿ ತೇಲಿಸಿದರೆ ನೀರು ಸರ್ರನೆ ತಣ್ಣಗಾಗಿ, ಐಸ್ ಕರಗಿದ ಮೇಲೆ ಮತ್ತೆ ಏರುತ್ತದೆ. ಈ ಏರಿಳಿತವೇ ಮೀನಿಗೆ ಕಷ್ಟ. ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲ್ಮೈಗೆ ಸಣ್ಣ ಟೇಬಲ್ ಫ್ಯಾನ್ ಬಿಡುವುದು ವಾಸಿ. ನಮ್ಮ ಒಣ ಗಾಳಿಗೆ ಎರಡು ಮೂರು ಡಿಗ್ರಿ ನಿಧಾನವಾಗಿ ಇಳಿಯುತ್ತದೆ. ನೀರು ಮಾತ್ರ ಜಾಸ್ತಿ ಆರುತ್ತದೆ, ಗಾಜಿನ ಮೇಲೆ ಬಿಳಿ ಗೆರೆ ಬೀಳುತ್ತದೆ. ಆರುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಬೋರಿನ ನೀರು ತುಂಬಿಸಿದರೆ ಗಡಸುತನ ಏರುತ್ತಲೇ ಹೋಗುತ್ತದೆ. ಆರ್‌ಓ ನೀರಿಗೆ ಕೆಲಸ ಇರೋದು ಇಲ್ಲಿ: ಆರಿದಷ್ಟನ್ನು ಆರ್‌ಓದಿಂದ ತುಂಬಿಸಿ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವಾಗ ಬೋರಿನದು ಹಾಕಿ.

ಫಿಲ್ಟರ್ ವಿಷಯದಲ್ಲಿ ಜಾಸ್ತಿ ಯೋಚನೆ ಬೇಡ, ಸ್ಪಾಂಜ್ ಫಿಲ್ಟರ್ ತನ್ನಿ. ಮೋಟಾರಿನ ಫಿಲ್ಟರ್ ಕಸವನ್ನು ಚೆನ್ನಾಗಿ ಎಳೆಯುತ್ತದೆ ನಿಜ, ಆದರೆ ಕರೆಂಟ್ ಹೋದರೆ ಸುಮ್ನೆ ನಿಂತುಬಿಡುತ್ತದೆ. ಸ್ಪಾಂಜಿಗೆ ಬ್ಯಾಟರಿ ಏರ್ ಪಂಪ್ ಸಿಕ್ಕಿಸಿದರೆ ಸಾಕು. ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಮ್ಮಿ, ಮಧ್ಯಾಹ್ನ ಕರೆಂಟ್ ಹೋದಾಗ ಈ ಪಂಪೇ ಗತಿ. ಸ್ಪಾಂಜನ್ನು ನಳದ ಕೆಳಗೆ ಹಿಡಿದು ತೊಳೆಯಬೇಡಿ, ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಟ್ಯಾಂಕಿನಿಂದ ತೆಗೆದ ಹಳೇ ನೀರಿನಲ್ಲೇ ಹಿಂಡಿ, ಆ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿ.