ವೇಲ್ಸ್‌ನ ವಂಶ ಹುಡುಕಾಟ: ಆರು ವರ್ಷ ಬಳಸಿದ ಮೇಲೆ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಆರು ವರ್ಷದಿಂದ ದುಡ್ಡು ಕೊಟ್ಟು ಒಂದು ವಂಶಾವಳಿ ಸೈಟ್ ಬಳಸುತ್ತಿದ್ದೇನೆ. ಅದರ ಜೊತೆಗೆ ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯದವರು ಉಚಿತವಾಗಿ ಕೊಡುವ ದಾಖಲೆಗಳನ್ನೂ ನೋಡುತ್ತಾ ಬಂದಿದ್ದೇನೆ. ಈ ವಿಮರ್ಶೆ ಎರಡಕ್ಕೂ ಸೇರಿ. ದುಡ್ಡಿನ ಸೈಟಿನ ಹೆಸರು ಬರೆಯುವುದಿಲ್ಲ. ನನಗಾದ ತೊಂದರೆ ಇಂಥ ಯಾವ ಸೈಟಿನಲ್ಲಾದರೂ ಆಗಬಹುದು, ಅದಕ್ಕೆ.

ನಾನು ತೀರ್ಥಹಳ್ಳಿ ಕಡೆಯವಳು. ಮದುವೆಯಾಗಿ ವೇಲ್ಸ್‌ನ ಸ್ವಾನ್ಸಿಗೆ ಬಂದು ಹನ್ನೊಂದು ವರ್ಷವಾಯಿತು. ಗಂಡ ಇಲ್ಲಿಯವರು. ಅತ್ತೆಯ ಹತ್ತಿರ ದಪ್ಪನೆಯ ಹಳೇ ವೆಲ್ಷ್ ಬೈಬಲ್ ಒಂದಿದೆ. ಹಳೆಯ ಒಡಂಬಡಿಕೆ ಮುಗಿದು ಹೊಸದು ಶುರುವಾಗುವ ಮುಂಚೆ ಎರಡು ಖಾಲಿ ಹಾಳೆ. ಅಲ್ಲಿ ಕಂದು ಬಣ್ಣಕ್ಕೆ ತಿರುಗಿದ ಶಾಯಿಯಲ್ಲಿ ಏಳು ಮಕ್ಕಳು ಹುಟ್ಟಿದ ತಾರೀಖು. ಕೊನೆಯ ಮಗು 1857ರದು. ಅದು ಅತ್ತೆಯ ಮುತ್ತಜ್ಜ. ಆಚೆಗೆ ಅವರಪ್ಪ ಅಮ್ಮ ಯಾರು, ಯಾವ ಊರು, ಅತ್ತೆಗೆ ಗೊತ್ತಿರಲಿಲ್ಲ. "ನಿನಗೆ ಕಂಪ್ಯೂಟರ್ ಬರುತ್ತಲ್ಲ, ಸ್ವಲ್ಪ ನೋಡು" ಅಂದರು. ಹಾಗೆ ಶುರುವಾಗಿದ್ದು.

ಮೊದಲು ಜನಗಣತಿಯ ವಿಷಯ ಹೇಳಿಬಿಡುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1841ರಿಂದ 1921ರವರೆಗೆ ಹತ್ತು ವರ್ಷಕ್ಕೊಮ್ಮೆ ಆದ ಗಣತಿಯ ಹಾಳೆಗಳು ನೋಡಲು ಸಿಗುತ್ತವೆ. 1931ರದ್ದು ಬೆಂಕಿಗೆ ಆಹುತಿಯಾಯಿತು, 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ. 1841ರದನ್ನು ನಂಬಿ ಲೆಕ್ಕ ಹಾಕಬೇಡಿ. ಅದರಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯುತ್ತಿದ್ದರು, 34 ಇದ್ದವರು 30 ಆಗುತ್ತಿದ್ದರು. ಯಾರು ಯಾರಿಗೆ ಏನಾಗಬೇಕು ಅನ್ನೋದೂ ಇಲ್ಲ. 1851ರಿಂದ ಸಂಬಂಧ, ವಯಸ್ಸು, ಹುಟ್ಟಿದ ಪ್ಯಾರಿಶ್ (ಒಂದು ಚರ್ಚಿಗೆ ಸೇರಿದ ಊರು) ಎಲ್ಲ ಬರುತ್ತದೆ. ಅಲ್ಲಿಂದಲೇ ಕೆಲಸ ಹಗುರ.

ಅತ್ತೆಯ ಮುತ್ತಜ್ಜ 1891ರ ಗಣತಿಯಲ್ಲಿ ರೊಂದಾ ಕಣಿವೆಯಲ್ಲಿ ಸಿಕ್ಕರು. ಕಲ್ಲಿದ್ದಲು ಗಣಿಯ ಕೆಲಸ, ವಯಸ್ಸು 34, ಹೆಂಡತಿ, ನಾಲ್ಕು ಮಕ್ಕಳು. ಆ ವರ್ಷ ವೇಲ್ಸ್‌ನಲ್ಲಿ ಮೊದಲ ಸಲ ಯಾವ ಭಾಷೆ ಮಾತಾಡುತ್ತೀರಿ ಅಂತಲೂ ಕೇಳಿದ್ದರು. ಅಪ್ಪ ಅಮ್ಮನ ಮುಂದೆ 'ವೆಲ್ಷ್' ಅಂತ ಇದೆ. ದೊಡ್ಡ ಮಗನ ಮುಂದೆ 'ಎರಡೂ'. ಆ ಒಂದು ಪದ ನೋಡಿ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ಮನೆಯಲ್ಲೂ ಈಗ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ರೊಂದಾದಲ್ಲಿ 1851ರಲ್ಲಿ ಒಂದು ಸಾವಿರ ಜನವೂ ಇರಲಿಲ್ಲ, 1911ರ ಹೊತ್ತಿಗೆ ಒಂದೂವರೆ ಲಕ್ಷ ದಾಟಿತ್ತು. ಅಂದರೆ ಅಲ್ಲಿದ್ದವರಲ್ಲಿ ಹೆಚ್ಚಿನವರ ಬೇರು ಬೇರೆಲ್ಲೋ ಇದೆ. ನಮ್ಮವರ ಹುಟ್ಟೂರಿನ ಕಾಲಂನಲ್ಲಿ 'ಕಾರ್ಡಿಗನ್‌ಶೈರ್, ಲ್ಲಾನ್‌ವಿಹಾಂಗೆಲ್' ಅಂತ ಇತ್ತು. ಸಿಕ್ಕಿತು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಲ್ಲಾನ್‌ವಿಹಾಂಗೆಲ್ ಅಂದರೆ ಸಂತ ಮೈಕೇಲನ ಚರ್ಚು ಇರುವ ಊರು ಅಂತ. ಅಂಥ ಊರು ಆ ಒಂದು ಕೌಂಟಿಯಲ್ಲೇ ಹಲವು. ಲ್ಲಾನ್‌ವಿಹಾಂಗೆಲ್ ಅ ಕ್ರೈದಿನ್, ಲ್ಲಾನ್‌ವಿಹಾಂಗೆಲ್ ಗೆನೈರ್ ಗ್ಲಿನ್, ಲ್ಲಾನ್‌ವಿಹಾಂಗೆಲ್ ಅಸ್ತ್ರಾದ್, ಹೀಗೆ. ಮನೆತನದ ಹೆಸರೋ ಜೋನ್ಸ್. ವೇಲ್ಸ್‌ನಲ್ಲಿ ಜೋನ್ಸ್ ಅನ್ನುವವರನ್ನು ಹೆಸರು ಹಿಡಿದು ಹುಡುಕಿದರೆ ಪುಟಗಟ್ಟಲೆ ಜನ ಬರುತ್ತಾರೆ.

ಇಲ್ಲೇ ನಾನು ದುಡ್ಡಿನ ಸೈಟನ್ನು ನಂಬಿ ಒಂದು ವರ್ಷ ಕಳೆದುಕೊಂಡೆ. ಅದು ತಾನಾಗಿ ಸುಳಿವು ಕೊಡುತ್ತದೆ, 'ಇವರು ನಿಮ್ಮವರು ಇರಬಹುದು' ಅಂತ. ಅದೇ ಹೆಸರು, ಅದೇ 1857, ಒಂದು ಲ್ಲಾನ್‌ವಿಹಾಂಗೆಲ್‌ನಲ್ಲಿ ಹುಟ್ಟಿದವರು. ಬೇರೆ ಬಳಕೆದಾರರು ಕಟ್ಟಿದ ವಂಶವೃಕ್ಷಗಳೂ ಅದನ್ನೇ ಹೇಳುತ್ತಿದ್ದವು. ಒಪ್ಪಿಕೊಂಡೆ. ಒಂದರ ಮೇಲೊಂದು ಒತ್ತುತ್ತಾ ನಾಲ್ಕು ತಲೆಮಾರು ಹಿಂದಕ್ಕೆ ಹೋದೆ. ಅತ್ತೆಗೆ ಪ್ರಿಂಟ್ ಹಾಕಿಸಿ ಕೊಟ್ಟಿದ್ದೂ ಆಯಿತು. ಆಮೇಲೆ ಒಂದು ದಿನ ಆ ಇನ್ನೊಬ್ಬರನ್ನು 1891ರ ಗಣತಿಯಲ್ಲಿ ನೋಡಿದೆ. ಏಪ್ರಿಲ್ 5ರ ರಾತ್ರಿ ಅವರು ಕಾರ್ಡಿಗನ್‌ಶೈರ್‌ನಲ್ಲೇ ತಮ್ಮ ಹೊಲಮನೆಯಲ್ಲಿ ಹೆಂಡತಿ ಜೊತೆ ಇದ್ದಾರೆ. ನಮ್ಮವರು ಅದೇ ರಾತ್ರಿ ರೊಂದಾದಲ್ಲಿ. ಒಬ್ಬರೇ ಎರಡು ಕಡೆ ಇರೋಕೆ ಆಗಲ್ಲ ಅಲ್ವಾ? ನಾಲ್ಕು ತಲೆಮಾರೂ ಬೇರೆಯವರದ್ದಾಗಿತ್ತು. ಅಷ್ಟರಲ್ಲಿ ನನ್ನ ತಪ್ಪು ಮರವನ್ನು ಇನ್ನೂ ಏಳು ಜನ ನಕಲು ಮಾಡಿಕೊಂಡಿದ್ದರು. ಒಬ್ಬೊಬ್ಬರಿಗೂ ಬರೆದು ತಿಳಿಸಿದೆ. ಮೂವರು ಸರಿಪಡಿಸಿದರು. ಉಳಿದವರದ್ದು ಇವತ್ತಿಗೂ ಹಾಗೇ ಇದೆ, ಅದು ನನಗೆ ಬೇಸರ.

ದಾರಿ ತೋರಿಸಿದ್ದು ಮತ್ತೆ ಆ ಬೈಬಲ್ಲೇ. ಮಕ್ಕಳ ಹೆಸರಿನ ಮುಂದೆ ಒಂದೊಂದು ಪದ ಇತ್ತು. ಮೊದಲ ಮೂರು ಮಕ್ಕಳಿಗೆ 'ಬ್ಲೈನ್‌ನಂತ್', ಆಮೇಲಿನ ನಾಲ್ಕಕ್ಕೆ 'ತೀ ನೆವಿದ್'. ಅದೇನೋ ಪ್ರಾರ್ಥನೆಯ ಮಾತಿರಬೇಕು ಅಂದುಕೊಂಡು ಬಿಟ್ಟಿದ್ದೆ. ಒಂದು ಸಂಜೆ ಅತ್ತೆಗೆ ಓದಿ ಹೇಳಿದೆ. ಅವರು ತಕ್ಷಣ, "ಅದು ಮನೆ ಹೆಸರಲ್ವಾ, ತೀ ನೆವಿದ್ ಅಂದ್ರೆ ಹೊಸ ಮನೆ" ಅಂದರು.

ಹೊಸಮನೆ! ನಮ್ಮ ಕಡೆ ಜನರನ್ನು ಗುರುತಿಸುವುದೇ ಹಾಗೆ. ಹೊಸಮನೆಯವರು, ಕೆಳಗಿನಮನೆಯವರು, ಮೇಲಿನಮನೆಯವರು. ಇಲ್ಲೂ ಹಾಗೇ ಇದೆ. ತೀ ಇಸಾವ್ ಅಂದರೆ ಕೆಳಗಿನ ಮನೆ, ತೀ ಇಖಾವ್ ಅಂದರೆ ಮೇಲಿನ ಮನೆ. ಬ್ಲೈನ್‌ನಂತ್ ಅಂದರೆ ಹಳ್ಳ ಹುಟ್ಟುವ ಜಾಗ. ಬರೀ ಜೋನ್ಸ್ ಅಂದರೆ ಯಾರೂ ಅಲ್ಲ, ಇಂಥ ಮನೆಯ ಜೋನ್ಸ್ ಅಂದಾಗಲೇ ಅವರು ಯಾರು ಅಂತ ಊರಿಗೆ ಗೊತ್ತಾಗುತ್ತಿತ್ತು. ನಾನು ಹುಟ್ಟಿ ಬೆಳೆದ ಲೆಕ್ಕವೇ ಇದು, ಆದರೂ ಒಂದು ವರ್ಷ ಹೊಳೆಯಲಿಲ್ಲ.

ಆಮೇಲೆ ಹುಡುಕಿದ್ದೆಲ್ಲ ಮನೆ ಹಿಡಿದು. ಇಲ್ಲಿ ನಾನು ಹೊಗಳಲೇಬೇಕಾದದ್ದು ರಾಷ್ಟ್ರೀಯ ಗ್ರಂಥಾಲಯದ 'ಪ್ಲೇಸಸ್ ಆಫ್ ವೇಲ್ಸ್' ಸೈಟನ್ನು. ಸುಮಾರು 1840ರ ಹೊತ್ತಿಗೆ ಚರ್ಚಿಗೆ ಕೊಡುವ ದಶಮಾಂಶವನ್ನು, ಅಂದರೆ ಬೆಳೆಯ ಹತ್ತನೇ ಒಂದು ಪಾಲನ್ನು, ಹಣಕ್ಕೆ ಬದಲಾಯಿಸಲು ಹೆಚ್ಚುಕಡಿಮೆ ಪ್ರತಿ ಪ್ಯಾರಿಶ್‌ನ ಹೊಲಗದ್ದೆಗಳ ನಕ್ಷೆ ಮಾಡಿದ್ದರು. ಯಾವ ಜಮೀನು, ಯಜಮಾನ ಯಾರು, ಉಳುವವರು ಯಾರು, ಹೊಲದ ಹೆಸರೇನು, ಎಲ್ಲ ಇದೆ. ಮನೆ ಹೆಸರು ಹಾಕಿ ಹುಡುಕಬಹುದು, ಒಂದು ಪೈಸೆ ಕೊಡಬೇಕಿಲ್ಲ. ತೀ ನೆವಿದ್ ಅಂತ ಹಾಕಿದರೆ ಎಲ್ಲ ಕಡೆಯೂ ಸಿಗುತ್ತದೆ, ನಮ್ಮಲ್ಲಿ ಹೊಸಮನೆ ಸಿಕ್ಕ ಹಾಗೆ. ಆದರೆ ಬ್ಲೈನ್‌ನಂತ್ ಮತ್ತು ತೀ ನೆವಿದ್ ಎರಡೂ ಹತ್ತಿರ ಹತ್ತಿರ ಇರುವ ಲ್ಲಾನ್‌ವಿಹಾಂಗೆಲ್ ನನಗೆ ಸಿಕ್ಕಿದ್ದು ಒಂದೇ. ಆ ರಾತ್ರಿ ಎರಡು ಗಂಟೆಗೆ ಗಂಡನನ್ನು ಎಬ್ಬಿಸಿ ತೋರಿಸಿದೆ.

ಊರು ಗೊತ್ತಾದ ಮೇಲೆ ಪ್ಯಾರಿಶ್ ರಿಜಿಸ್ಟರ್, ಅಂದರೆ ಚರ್ಚಿನವರು ದೀಕ್ಷಾಸ್ನಾನ, ಮದುವೆ, ಸಮಾಧಿ ಬರೆದಿಟ್ಟ ಪುಸ್ತಕ. ಇದಕ್ಕೆ ದುಡ್ಡು ಕೊಡುವುದು ಸಾರ್ಥಕ. ವೇಲ್ಸ್‌ನ ರಿಜಿಸ್ಟರ್ ಪುಟಗಳ ಚಿತ್ರಗಳು ಫೈಂಡ್‌ಮೈಪಾಸ್ಟ್ ಅನ್ನೋ ವಂಶಾವಳಿ ಸೈಟಿನಲ್ಲಿವೆ. ಫ್ಯಾಮಿಲಿಸರ್ಚ್ ಅನ್ನೋ ಸೈಟು ಉಚಿತ, ಸುಮ್ನೆ ಖಾತೆ ತೆರೆದರೆ ಸಾಕು, ಹೆಸರು ಹುಡುಕುವ ಸೂಚಿಗಳು ಅಲ್ಲಿ ಸಾಕಷ್ಟಿವೆ. 1813ರಿಂದ ಈಚೆಗಿನ ದೀಕ್ಷಾಸ್ನಾನದ ಪುಟಗಳು ಅಚ್ಚಾದ ನಮೂನೆಯಲ್ಲಿ ಇರುತ್ತವೆ. ಮಗುವಿನ ಹೆಸರು, ಅಪ್ಪ ಅಮ್ಮ, ವಾಸ, ಅಪ್ಪನ ಕಸುಬು. ಆ 'ವಾಸ' ಅನ್ನೋ ಕಾಲಂ ಇದೆಯಲ್ಲ, ವೇಲ್ಸ್ ಮಟ್ಟಿಗೆ ಅದು ಚಿನ್ನ. ಅದಕ್ಕೂ ಹಿಂದಿನ ರಿಜಿಸ್ಟರ್‌ಗಳಲ್ಲಿ ಪಾದ್ರಿಗೆ ತೋಚಿದಷ್ಟೇ ಇರುತ್ತದೆ. 1733ಕ್ಕೂ ಮುಂಚಿನವು ಲ್ಯಾಟಿನ್‌ನಲ್ಲಿ ಇರಬಹುದು, 1752ಕ್ಕೆ ಮುಂಚೆ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ, ಅದನ್ನು ಮರೆತರೆ ಮಗು ಮದುವೆಗಿಂತ ಮುಂಚೆ ಹುಟ್ಟಿದ ಹಾಗೆ ಕಾಣುತ್ತದೆ. ರಿಜಿಸ್ಟರ್ ಹಾಳಾಗಿದ್ದರೆ ಬಿಷಪ್ಪರಿಗೆ ವರ್ಷಕ್ಕೊಮ್ಮೆ ಕಳಿಸುತ್ತಿದ್ದ ನಕಲು ನೋಡಬೇಕು, ಅವು ಗ್ರಂಥಾಲಯದಲ್ಲಿವೆ.

ಇನ್ನೊಂದು ಮಾತು. ವೇಲ್ಸ್‌ನಲ್ಲಿ 19ನೇ ಶತಮಾನದ ಹೊತ್ತಿಗೆ ಬಹಳ ಜನ ಸರ್ಕಾರಿ ಮನ್ನಣೆಯ ಚರ್ಚು ಬಿಟ್ಟು ಚಾಪೆಲ್, ಅಂದರೆ ಅದರಿಂದ ಬೇರೆಯಾದ ಪಂಥಗಳ ಪ್ರಾರ್ಥನಾಮಂದಿರ, ಸೇರಿದ್ದರು. ನಮ್ಮವರೂ ಹಾಗೇ. ಆದ್ದರಿಂದ ಬೈಬಲ್ಲಿನ ಏಳು ಮಕ್ಕಳಲ್ಲಿ ಒಬ್ಬರೂ ಪ್ಯಾರಿಶ್ ರಿಜಿಸ್ಟರ್‌ನಲ್ಲಿಲ್ಲ. ಸಿಗಲಿಲ್ಲ ಅಂತ ಊರನ್ನೇ ಕೈಬಿಡಬೇಡಿ. 1754ರಿಂದ 1837ರವರೆಗೆ ಕ್ವೇಕರ್ ಅನ್ನೋ ಕ್ರೈಸ್ತ ಪಂಥದವರು ಮತ್ತು ಯಹೂದಿಗಳನ್ನು ಬಿಟ್ಟು ಉಳಿದವರೆಲ್ಲ ಮದುವೆಯನ್ನು ಪ್ಯಾರಿಶ್ ಚರ್ಚಿನಲ್ಲೇ ಮಾಡಿಕೊಳ್ಳಬೇಕಿತ್ತು. ಹಾಗಾಗಿ ಆ ಏಳು ಮಕ್ಕಳ ಅಜ್ಜ ಅಜ್ಜಿಯ ಮದುವೆ ಅಲ್ಲೇ ಸಿಕ್ಕಿತು. ಅಜ್ಜಿ ಸಹಿ ಬದಲು ಒಂದು ಅಡ್ಡಗೀಟಿನ ಗುರುತು ಹಾಕಿದ್ದಾಳೆ, ಶಾಯಿ ಸ್ವಲ್ಪ ಚೆಲ್ಲಿದೆ.

ಅಜ್ಜನ ಸರ್‌ನೇಮ್ ಮಾತ್ರ ಜೋನ್ಸ್ ಅಲ್ಲ, ಇವಾನ್ಸ್! ಮತ್ತೆ ತಪ್ಪಿದೆನಾ ಅಂತ ಭಯವಾಯಿತು. ತಪ್ಪಿರಲಿಲ್ಲ. ಅಜ್ಜನ ಹೆಸರು ಜಾನ್, ಅವರಪ್ಪ ಇವಾನ್. ಇವಾನ್‌ನ ಮಗ ಇವಾನ್ಸ್, ಜಾನ್‌ನ ಮಗ ಜೋನ್ಸ್. ಅಪ್ಪನ ಹೆಸರೇ ಮಗನಿಗೆ ಬಾಲವಾಗುವುದು ನಮ್ಮ ಇನಿಷಿಯಲ್ ಇದ್ದ ಹಾಗೆ, ತಲೆಮಾರಿಗೊಮ್ಮೆ ಬದಲಾಗುತ್ತದೆ. ದೊಡ್ಡ ಮನೆತನಗಳು ಇದನ್ನು ಬೇಗ ಬಿಟ್ಟವು, ಕೆಲವು ಕಡೆ ಸಾಮಾನ್ಯ ಜನರಲ್ಲಿ 19ನೇ ಶತಮಾನದ ಶುರುವಿನವರೆಗೂ ಉಳಿದಿತ್ತು. ಮೊದಲು 'ಆಪ್' ಅಂತ ಸೇರಿಸುತ್ತಿದ್ದರು, ಮಗ ಅಂತ ಅರ್ಥ. ಆಪ್ ರಿಚರ್ಡ್ ಹೋಗಿ ಪ್ರಿಚರ್ಡ್, ಆಪ್ ಹವೆಲ್ ಹೋಗಿ ಪೊವೆಲ್, ಆಪ್ ರೀಸ್ ಹೋಗಿ ಪ್ರೈಸ್ ಆಗಿದ್ದು ಹೀಗೇ. ಸೈಟಿನ ಹುಡುಕಾಟ ಇದನ್ನು ಹಿಡಿಯಲೇ ಇಲ್ಲ, ಸರ್‌ನೇಮ್ ಬದಲಾದ ತಕ್ಷಣ ಬೇರೆಯವರು ಅಂದುಕೊಳ್ಳುತ್ತದೆ.

ಖಾತ್ರಿಯಾಗಿದ್ದು ಉಯಿಲಿನಿಂದ. 1858ಕ್ಕೆ ಮುಂಚಿನ, ವೇಲ್ಸ್‌ನ ಚರ್ಚ್ ನ್ಯಾಯಾಲಯಗಳಲ್ಲಿ ಸಾಬೀತಾದ 1,90,000ಕ್ಕೂ ಹೆಚ್ಚು ಉಯಿಲುಗಳನ್ನು ಗ್ರಂಥಾಲಯ ಚಿತ್ರ ಸಮೇತ ಉಚಿತವಾಗಿ ಹಾಕಿದೆ. ಬ್ಲೈನ್‌ನಂತ್‌ನ ಅಜ್ಜನ ಉಯಿಲು ಒಂದೇ ಪುಟ. ಮಗಳಿಗೆ ಗರಿಯ ಹಾಸಿಗೆ ಮತ್ತು ಒಂದು ಹಸು. ಮಗನಿಗೆ ಜಮೀನಿನ ಗೇಣಿ ಮತ್ತು ಉಳಿದ ದನಕರು. ಇವಾನ್ಸ್ ಅನ್ನುವ ಅಪ್ಪ 'ನನ್ನ ಮಗ' ಅಂತ ಹೇಳಿ ಜೋನ್ಸ್ ಅನ್ನುವವನಿಗೆ ಬರೆದಿದ್ದಾನೆ. ಉಯಿಲು ಇಂಗ್ಲಿಷಿನಲ್ಲಿದೆ. ತನಗೆ ಬಾರದ ಭಾಷೆಯಲ್ಲಿ ಇನ್ನೊಬ್ಬರು ಓದಿ ಹೇಳಿದ್ದಕ್ಕೆ ಅವನು ಗುರುತು ಹಾಕಿರಬೇಕು.

ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು, 1911ರ ಗಣತಿ. ಆ ವರ್ಷದ ಹಾಳೆ ಮನೆಯವರೇ ತುಂಬಿದ್ದು, ಅದೇ ಹಾಳೆ ಉಳಿದಿದೆ. ವೆಲ್ಷ್ ಫಾರ್ಮೂ ಇತ್ತು. ಮುತ್ತಜ್ಜ ವೆಲ್ಷ್‌ನಲ್ಲೇ ತುಂಬಿದ್ದಾರೆ, ಗುಂಡಗಿನ ಅಕ್ಷರ. ದುಡ್ಡಿನ ಸೈಟಿನ ಸೂಚಿಯಲ್ಲಿ ಅವರ ಮಗಳ ಹೆಸರು ಇಲ್ಲವೇ ಇಲ್ಲ, 'ಮೆರ್ಖ್' ಅಂತ ಇದೆ. ಮೆರ್ಖ್ ಅಂದರೆ ಮಗಳು. ಸಂಬಂಧದ ಕಾಲಂ ಓದಿ ಹೆಸರು ಅಂತ ಟೈಪ್ ಮಾಡಿಬಿಟ್ಟಿದ್ದಾರೆ. ತಿದ್ದುಪಡಿ ಕಳಿಸಿದೆ, ಎಂಟು ತಿಂಗಳಾದರೂ ಬದಲಾಗಲಿಲ್ಲ. ಸೂಚಿಯಲ್ಲಿ ಸಿಗದಿದ್ದರೆ ಮೂಲ ಹಾಳೆಗಳನ್ನು ಒಂದೊಂದಾಗಿ ತಿರುವಬೇಕು.

ಆ ಹಾಳೆಯಲ್ಲಿ ಮದುವೆಯಾದ ಹೆಂಗಸರಿಗೆ ಮೂರು ಕಾಲಂ ಇವೆ. ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರು, ತೀರಿಕೊಂಡವರು. ಅಲ್ಲಿ ಹನ್ನೊಂದು, ಏಳು, ನಾಲ್ಕು ಅಂತ ಬರೆದಿದೆ. ಏಳು ಜನ ಅತ್ತೆಗೆ ಗೊತ್ತು. ನಾಲ್ವರ ವಿಷಯ ಯಾರೂ ಹೇಳಿರಲಿಲ್ಲ. ಎರಡು ಗಣತಿಗಳ ನಡುವೆ ಹುಟ್ಟಿ ಹೋದ ಮಗು ಯಾವ ಗಣತಿಯಲ್ಲೂ ಬರುವುದಿಲ್ಲ. ಸರ್ಕಾರದ ಜನರಲ್ ರಿಜಿಸ್ಟರ್ ಆಫೀಸಿನ ಆನ್‌ಲೈನ್ ಸೂಚಿ ಇದಕ್ಕೆ ಬೇಕು. 1837ರಿಂದಲೂ ಜನನದ ಜೊತೆ ತಾಯಿಯ ತವರಿನ ಹೆಸರು ಅದರಲ್ಲಿದೆ, ಹುಡುಕಲು ದುಡ್ಡಿಲ್ಲ. ಮುತ್ತಜ್ಜಿಯ ತವರಿನ ಹೆಸರು ಪುಣ್ಯಕ್ಕೆ ಅಪರೂಪದ್ದು. ರೊಂದಾದ ನೋಂದಣಿ ಸೇರುತ್ತಿದ್ದ ಪಾಂಟಿಪ್ರಿದ್ ಜಿಲ್ಲೆ ಹಾಕಿ ಎರಡೂ ಹೆಸರು ಕೊಟ್ಟೆ. ನಾಲ್ವರೂ ಬಂದರು. ಎರಡು ಹುಡುಗಿಯರು, ಎರಡು ಹುಡುಗರು. ಮರಣದ ಸೂಚಿಯಲ್ಲಿ ಮೂವರ ವಯಸ್ಸು ಸೊನ್ನೆ, ಒಬ್ಬಳದು ಎರಡು. ಅತ್ತೆ ಹೆಸರುಗಳನ್ನು ಜೋರಾಗಿ ಓದಿದರು, ಒಂದು ಅವರ ಅಮ್ಮನದೇ ಹೆಸರು.

ದುಡ್ಡಿನ ಬಗ್ಗೆ ನೇರವಾಗಿ ಹೇಳುತ್ತೇನೆ. ವರ್ಷದ ಚಂದಾ ಕಟ್ಟಬೇಡಿ. ನಾನು ಕಟ್ಟಿದ್ದು ವರ್ಷಕ್ಕೆ ನೂರು ಪೌಂಡಿಗಿಂತ ಜಾಸ್ತಿ, ಅದೂ ಒಂದು ಸಲ ನಾನು ಗಮನಿಸುವ ಮುಂಚೆ ತಾನಾಗಿ ಕಡಿತವಾಯಿತು. ಮೊದಲು ಮನೆಯಲ್ಲಿರುವ ಬೈಬಲ್, ಸಮಾಧಿಯ ಫೋಟೋ, ಹಳೇ ಪತ್ರ ನೋಡಿ ಮನೆ ಹೆಸರುಗಳ ಪಟ್ಟಿ ಮಾಡಿ. ಆಮೇಲೆ ಉಚಿತವಾದದ್ದನ್ನೆಲ್ಲ ಮುಗಿಸಿ. 1919ರವರೆಗಿನ ವೇಲ್ಸ್ ಪತ್ರಿಕೆಗಳ 11 ಲಕ್ಷ ಪುಟಗಳೂ ಗ್ರಂಥಾಲಯದ ಸೈಟಿನಲ್ಲಿ ಉಚಿತ. ಕೊನೆಗೆ ಒಂದೇ ತಿಂಗಳು ಚಂದಾ ಕಟ್ಟಿ, ಬೇಕಾದ ಮೂಲ ಹಾಳೆಗಳನ್ನೆಲ್ಲ ಇಳಿಸಿಕೊಳ್ಳಿ. ಇಲ್ಲೇ ಇರುವವರಾದರೆ ಹತ್ತಿರದ ಸಾರ್ವಜನಿಕ ಲೈಬ್ರರಿಯಲ್ಲಿ ಕೇಳಿ, ಹಲವು ಕಡೆ ಇಂಥ ಸೈಟುಗಳನ್ನು ಅಲ್ಲೇ ಕೂತು ಪುಕ್ಕಟೆ ನೋಡಬಹುದು. ಗ್ರಂಥಾಲಯಕ್ಕೆ ನನ್ನ ಐದಕ್ಕೆ ಐದು. ದುಡ್ಡಿನ ಸೈಟಿನ ಚಿತ್ರಗಳಿಗೆ ನಾಲ್ಕು, ಅದರ ಸುಳಿವುಗಳಿಗೆ ಒಂದು.

ನನಗಿನ್ನೂ ಇವಾನ್ ಅವರ ದೀಕ್ಷಾಸ್ನಾನ ಸಿಕ್ಕಿಲ್ಲ. ಆ ವರ್ಷಗಳ ರಿಜಿಸ್ಟರ್ ಪುಟಗಳೇ ಇಲ್ಲ. ಬಿಷಪ್ಪರ ನಕಲು ಇರಬಹುದೇನೋ ಅಂತ ಅಕ್ಟೋಬರಿನಲ್ಲಿ ಅಬೆರಿಸ್ಟ್ವಿತ್‌ಗೆ ಹೋಗುತ್ತಿದ್ದೇವೆ, ಗುಡ್ಡದ ಮೇಲಿನ ಆ ಗ್ರಂಥಾಲಯಕ್ಕೆ. ಅತ್ತೆಯೂ ಬರುತ್ತಾರೆ. ಓದುವ ಕೋಣೆಗೆ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಎರಡು ಚೂಪು ಮಾಡಿ ಬ್ಯಾಗಿನಲ್ಲಿ ಇಟ್ಟಿದ್ದಾರೆ.