ಪಾಂಡಿಚೇರಿ ವೈಟ್ ಟೌನ್‌ನಲ್ಲಿ ಬೂಟಿಕ್ ಹೋಟೆಲ್ ಬುಕ್ ಮಾಡೋರೇ, ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಹೋಟೆಲ್ ಹೆಸರು ಹಾಕಲ್ಲ, ದಯವಿಟ್ಟು ಕೇಳ್ಬೇಡಿ. ಆದ್ರೆ ಬೆಂಗಳೂರಿಂದ ವೀಕೆಂಡಿಗೆ ಅಂತ ಪಾಂಡಿಗೆ ಓಡೋರು ನಮ್ಮಲ್ಲಿ ತುಂಬಾ ಜನ ಇದೀರ, ಅದಕ್ಕೇ ಬರೀತಿದೀನಿ.

ಫೋಟೋ ನೋಡಿದ್ರೆ ಯಾರಾದ್ರೂ ಬುಕ್ ಮಾಡೇ ಮಾಡ್ತಾರೆ. ಫ್ರೆಂಚರ ಕಾಲದ ಮನೆ, ಹಳದಿ ಗೋಡೆ ಮೇಲೆ ಕಾಗದದ ಹೂವಿನ ಬಳ್ಳಿ, ಒಳಗೆ ದಪ್ಪ ದಪ್ಪ ಕಂಬ, ನಡುವೆ ಅಂಗಳ. ರಾತ್ರಿಗೆ 12,000, ಅದರ ಮೇಲೆ ಜಿಎಸ್‌ಟಿ 18% (ರೂಮ್ ಬಾಡಿಗೆ 7,500 ದಾಟಿದ್ರೆ ಅಷ್ಟು ಬೀಳುತ್ತೆ), ಅಲ್ಲಿಗೆ 14,160. ಪೂರ್ತಿ ಅಡ್ವಾನ್ಸ್, ರಿಫಂಡ್ ಇಲ್ಲ.

ರಿಸೆಪ್ಷನ್ ಆ ಮನೇಲೇ ಇತ್ತು, ಶರಬತ್ತು ಕೊಟ್ರು, ಅಮ್ಮ ಖುಷಿಯಾಗಿ ಕಂಬಕ್ಕೆ ಒರಗಿ ಫೋಟೋನೂ ತೆಗೆಸ್ಕೊಂಡ್ರು, ಆಮೇಲೆ ಹುಡುಗ ಬ್ಯಾಗ್ ಎತ್ಕೊಂಡು ಹಿಂದಿನ ಬಾಗಿಲಿಂದ ಆಚೆ ಹೋಗಿ ಗಲ್ಲಿ ದಾಟಿ ಇನ್ನೊಂದು ಬಿಲ್ಡಿಂಗಿಗೆ ಕರ್ಕೊಂಡೋದ. ಅದು "ಅನೆಕ್ಸ್" ಅಂತೆ. ಮೊನ್ನೆ ಮೊನ್ನೆ ಕಟ್ಟಿರೋ ಕಾಂಕ್ರೀಟು, ಹಳದಿ ಬಳಿದಿದಾರೆ ಅಷ್ಟೆ. ಕಿಟಕಿ ತೆಗೆದ್ರೆ ಪಕ್ಕದವರ ಜನರೇಟರ್. ಕನ್ಫರ್ಮೇಶನ್ ಮೇಲ್‌ನಲ್ಲಿ ಅನೆಕ್ಸ್ ಅನ್ನೋ ಪದಾನೇ ಇಲ್ಲ, ತೋರಿಸಿದೆ.

ಜಗಳ ಆಡಿದ್ಮೇಲೆ ಹಳೇ ಮನೇಲೇ ಕೆಳಗಿನ ರೂಮ್ ಕೊಟ್ರು. ಬಾಗಿಲು ತೆಗೆದ ತಕ್ಷಣ ಮುಗ್ಗಲು ವಾಸನೆ, ಅದನ್ನ ಮುಚ್ಚೋಕೆ ಲೆಮನ್‌ಗ್ರಾಸ್ ಎಣ್ಣೆ ಬೇರೆ. ಮಂಚದ ಹಿಂದೆ ಗೋಡೆ ತುಂಬಾ ದೊಡ್ಡ ಬ್ಲಾಕ್ ಪ್ರಿಂಟ್ ಬಟ್ಟೆ ತೂಗುಹಾಕಿದ್ರು, ಎತ್ತಿ ನೋಡಿದ್ರೆ ಪೇಂಟು ಬೊಬ್ಬೆ ಬೊಬ್ಬೆ ಎದ್ದು ಒಳಗಿಂದ ಬಿಳೀ ಉಪ್ಪು ಉದುರ್ತಾ ಇದೆ, ಬೆರಳಲ್ಲಿ ಒತ್ತಿದ್ರೆ ಗಾರೆ ಒಳಗೆ ಹೋಗುತ್ತೆ. ಅಮ್ಮಂಗೆ ಮೊದಲೇ ದಮ್ಮು, ರಾತ್ರಿಯೆಲ್ಲಾ ಕೆಮ್ಮು.

ಮ್ಯಾನೇಜರ್ ಹೇಳಿದ್ದು, "ಮೇಡಂ, ಹೆರಿಟೇಜ್ ಬಿಲ್ಡಿಂಗ್ ಅಂದ್ಮೇಲೆ ಹಿಂಗೇ." ಸುಳ್ಳು ರೀ. ಆ ಮನೆಗಳು ಇಟ್ಟಿಗೆ ಸುಣ್ಣದ ಗಾರೆಲಿ ಕಟ್ಟಿರೋದು, ಗೋಡೆ ತೇವ ಕುಡಿದು ತಾನೇ ಆಚೆ ಬಿಡುತ್ತೆ. ಅದರ ಮೇಲೆ ಸಿಮೆಂಟ್ ಮೆತ್ತಿ ಪ್ಲಾಸ್ಟಿಕ್ ಪೇಂಟ್ ಹೊಡೆದ್ರೆ ತೇವಕ್ಕೆ ಹೋಗೋಕೆ ದಾರಿ ಇರಲ್ಲ, ಹಿಂಗೇ ಕಿತ್ಕೊಂಡ್ ಬರುತ್ತೆ. ನವೆಂಬರ್ ಬೇರೆ, ಅಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ ಜೋರು. 2014ರ ನವೆಂಬರ್ ಮಳೇಲಿ ಬೀಚ್ ರೋಡಿನ ಹಳೇ ಮೇರಿ ಕಟ್ಟಡನೇ (ಫ್ರೆಂಚರ ಕಾಲದ ಟೌನ್ ಹಾಲ್) ಕುಸಿದು ಬಿದ್ದಿತ್ತು, ಈಗ ಎಲ್ರೂ ಮುಂದೆ ನಿಂತು ಸೆಲ್ಫಿ ತೆಗೆಯೋದು ಅದೇ ಥರ ಹೊಸದಾಗಿ ಕಟ್ಟಿರೋದು. ಹಾಗಾಗಿ ಆ ತಿಂಗಳುಗಳಲ್ಲಿ ಹೋಗೋದಾದ್ರೆ ಗ್ರೌಂಡ್ ಫ್ಲೋರ್ ಬೇಡವೇ ಬೇಡ.

"ಹೆರಿಟೇಜ್" ಬಗ್ಗೆ ಇನ್ನೊಂದು. ಕೇಂದ್ರ ಟೂರಿಸಂ ಇಲಾಖೆ ಕೊಡೋ ಹೆರಿಟೇಜ್ ಹೋಟೆಲ್ ದರ್ಜೆಗೆ ಕಟ್ಟಡ 1950ಕ್ಕಿಂತ ಹಿಂದಿನದಾಗಿರ್ಬೇಕು, ಅದರಲ್ಲೇ ಮೇಲಿನ ದರ್ಜೆಗಳಾದ ಕ್ಲಾಸಿಕ್, ಗ್ರ್ಯಾಂಡ್ ಅಂದ್ರೆ 1935ಕ್ಕಿಂತ ಹಿಂದಿನದು. ಬೂಟಿಕ್ ಅಂತ ಬೋರ್ಡು ಯಾರ್ ಬೇಕಾದ್ರೂ ಹಾಕ್ಕೋಬಹುದು. ಸರ್ಟಿಫಿಕೇಟ್ ಇದೆಯಾ ಕೇಳಿ, ಅದಕ್ಕಿಂತ ಮುಖ್ಯ ನಿಮಗೆ ಕೊಡೋ ರೂಮ್ ನಂಬರ್ ಯಾವ ಕಟ್ಟಡದಲ್ಲಿದೆ ಅಂತ ವಾಟ್ಸಾಪಲ್ಲಿ ಬರೆಸ್ಕೊಳ್ಳಿ, ಆ ರೂಮಿಂದೇ ವಿಡಿಯೋ ಕಳಿಸೋಕೆ ಹೇಳಿ.

ಊಟದ ಬಿಲ್ಲಿಗೆ 10% ಸರ್ವಿಸ್ ಚಾರ್ಜ್ ಸೇರಿಸಿದ್ರು. ಅದು ಕಡ್ಡಾಯ ಅಲ್ಲ, 2022ರಲ್ಲೇ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿದೆ, 2025 ಮಾರ್ಚಲ್ಲಿ ದೆಹಲಿ ಹೈಕೋರ್ಟೂ ಎತ್ತಿಹಿಡಿದಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ ಅಂದೆ, ಮಾತಾಡ್ದೆ ಬಿಲ್ ಬದಲಾಯಿಸಿದ್ರು.

ರೂಮಿನ ದುಡ್ಡಿಗೆ ಮಾತ್ರ ಬಗ್ಗಲಿಲ್ಲ, ಊರಿಗೆ ಬಂದು ಕಂಪ್ಲೇಂಟ್ ಹಾಕಿದೀನಿ. ಹೋಟೆಲಿನವರ ಉತ್ತರ ಬಂತು, ಮುಂದಿನ ಸಲ ಬಂದ್ರೆ 20% ಡಿಸ್ಕೌಂಟ್ ಅಂತೆ. ಅನೆಕ್ಸಲ್ಲೋ ಹಳೇ ಮನೇಲೋ ಅಂತ ವಾಪಸ್ ಮೇಲ್ ಹಾಕಿದೆ, ಇನ್ನೂ ಸುದ್ದಿ ಇಲ್ಲ.